ಬೇಲಿಯ ಮುಳ್ಳುಕತ್ತರಿಗೆ ರಾಮಬಾಣದ ಪಟ್ಟ ಬೇಡ, ಸರಿಯಾದ ಹೆಸರು ಕೊಡಿ

ನಮ್ಮ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ವಿಡಿಯೊ ಸುತ್ತುತ್ತಿದೆ. ಒಬ್ಬರು ಬೇಲಿ ಪಕ್ಕ ನಿಂತು ಒಂದು ಮುಳ್ಳಿನ ಬಳ್ಳಿ ಎಳೆದು ತೋರಿಸುತ್ತಾರೆ. "ಇದರ ಬೇರು ಅರೆದು ಕುಡಿದರೆ ಲಿವರ್ ಹೊಸದಾಗುತ್ತೆ, ಕಾಮಾಲೆ ಮೂರೇ ದಿನಕ್ಕೆ ಇಳಿಯುತ್ತೆ, ಇದೇ ಗಿಡದಿಂದ ಕಂಪನಿಯವರು ಮಾತ್ರೆ ಮಾಡಿ ಮಾರ್ತಾರೆ" ಎನ್ನುತ್ತಾರೆ. ಗಿಡದ ಹೆಸರು ಹೇಳುವಾಗ ಮಾತ್ರ ತಡವರಿಸುತ್ತಾರೆ. ಒಮ್ಮೆ ಮುಳ್ಳುಕತ್ತರಿ, ಇನ್ನೊಮ್ಮೆ ಕಾಡುಕತ್ತರಿ, ಕೊನೆಗೆ ಹುಲಿ ಉಗುರು. ಕೆಳಗೆ ನೂರಾರು ಜನ ಕೈಮುಗಿದ ಚಿತ್ರ ಹಾಕಿದ್ದಾರೆ.

ನಾವು ಸಾಲಿಗಿಷ್ಟು, ಫೋಟೊಗಿಷ್ಟು ಎಂದು ದುಡಿಯುವ ಜಿಲ್ಲಾ ಸ್ಟ್ರಿಂಗರ್‌ಗಳು. ಇಂಥ ವಿಡಿಯೊ ಓಡಿದ ಮರುದಿನವೇ ಡೆಸ್ಕಿನಿಂದ ಫೋನ್ ಬರುತ್ತದೆ: "ನಿಮ್ಮ ಕಡೆ ಆ ಗಿಡ ಇದೆಯಂತಲ್ಲ, ಒಂದು ಸ್ಟೋರಿ ಕಳಿಸ್ರಿ. ಬೇಲಿಯಲ್ಲಿ ಅಡಗಿದ ಸಂಜೀವಿನಿ ಅಂತ." ಈ ಸಂಜೀವಿನಿ ಸ್ಟೋರಿಯನ್ನು ನಾವು ಬರೆಯುವುದಿಲ್ಲ. ಬೇಲಿಯ ಗಿಡವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಈ ಬಗೆಯ ಹೊಗಳಿಕೆಯಿಂದ ರೋಗಿಗೂ ಕೇಡು, ಗಿಡಕ್ಕೂ ಕೇಡು, ಅದನ್ನು ಬಲ್ಲ ಹಿರಿಯರಿಗೂ ಕೇಡು ಎಂದು ನಮಗೆ ಅನ್ನಿಸಿರುವುದರಿಂದ ಈ ಲೇಖನ.

ಯಾವ ಗಿಡದ ಮಾತು?

ಬಯಲುಸೀಮೆಯ ಬೇಲಿ, ಕುರುಚಲು ಕಾಡು, ದೇವರಗುಡ್ಡ, ಹಳ್ಳದ ದಂಡೆ ಎಲ್ಲಿ ಹೋದರೂ ಈ ಗಿಡ ಕಾಣುತ್ತದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕ್ಯಾಪರಿಸ್ ಜೈಲಾನಿಕಾ. ಲಿನೇಯಸ್ 1762ರಲ್ಲಿ ಇಟ್ಟ ಹೆಸರು. ಜೈಲಾನಿಕಾ ಎಂದರೆ ಸಿಲೋನಿನದು ಎಂದರ್ಥ. ಗುರುತು ಹಿಡಿಯುವುದು ಕಷ್ಟವಲ್ಲ. ಎಲೆಯ ಬುಡದಲ್ಲಿ ಎರಡೆರಡು ಕೊಕ್ಕೆ ಮುಳ್ಳು. ಹೊಸ ಚಿಗುರಿನ ಮೇಲೆ ತುಕ್ಕಿನ ಬಣ್ಣದ ನವಿರು. ಬೇಸಿಗೆಯ ಆರಂಭದಲ್ಲಿ ಎಲೆಯ ಮೇಲ್ಗಡೆ ಒಂದರ ಮೇಲೊಂದರಂತೆ ಸಾಲಾಗಿ ಹೂ. ಅರಳಿದಾಗ ಬಿಳಿ, ಬಾಡುತ್ತ ಬಂದಂತೆ ಗುಲಾಬಿ. ಉದ್ದುದ್ದ ಕೇಸರಗಳು. ಹೂವಿನ ನಡುವಿನಿಂದ ಒಂದು ನೀಳ ಕಡ್ಡಿ ಹೊರಬಂದು ಅದರ ತುದಿಯಲ್ಲಿ ಕಾಯಿ ಕಚ್ಚುತ್ತದೆ. ಈ ಕಡ್ಡಿಯೇ ಈ ಜಾತಿಯ ದೊಡ್ಡ ಗುರುತು. ಕಾಯಿ ಗುಂಡಗೆ ನಿಂಬೆ ಗಾತ್ರಕ್ಕೆ ಬೆಳೆದು, ಹಣ್ಣಾದಾಗ ಕೆಂಪಗಾಗುತ್ತದೆ.

ಇದರ ತಮ್ಮನೊಬ್ಬ ಅದೇ ಬೇಲಿಯಲ್ಲಿ ಇರುತ್ತಾನೆ: ಕ್ಯಾಪರಿಸ್ ಸೆಪಿಯೇರಿಯಾ. ಲ್ಯಾಟಿನ್ನಿನಲ್ಲಿ ಆ ಹೆಸರಿನ ಅರ್ಥವೇ 'ಬೇಲಿಯದು'. ಎಲೆ ಚಿಕ್ಕದು. ಸಣ್ಣ ಬಿಳಿ ಹೂಗಳು ಗೊಂಚಲಾಗಿ ಕೊಡೆ ಬಿಚ್ಚಿದ ಹಾಗೆ ಅರಳುತ್ತವೆ. ಹಣ್ಣು ಬಟಾಣಿಯಷ್ಟು, ಕಪ್ಪು. ನಮ್ಮ ಕಡೆ ಕಾಡುಕತ್ತರಿ ಎಂದು ಹೆಚ್ಚಾಗಿ ಕರೆಯುವುದು ಇದನ್ನು.

ಇನ್ನು ದೂರದ ಅಣ್ಣ, ಕ್ಯಾಪರಿಸ್ ಸ್ಪಿನೋಸಾ. ಮೆಡಿಟರೇನಿಯನ್ ಕಡೆ ಇದರ ಮೊಗ್ಗನ್ನು ಉಪ್ಪಿನಲ್ಲಿ ಹಾಕಿ ಅಡುಗೆಗೆ ಬಳಸುತ್ತಾರೆ. ದೊಡ್ಡ ಹೋಟೆಲುಗಳಲ್ಲಿ 'ಕೇಪರ್ಸ್' ಎಂದು ಬಡಿಸುವುದು ಅದನ್ನೇ. ನಮ್ಮ ದೇಶದಲ್ಲಿ ಲಡಾಖ್, ಹಿಮಾಚಲದ ಸ್ಪಿತಿಯಂಥ ಒಣ, ತಣ್ಣನೆಯ ಕಣಿವೆಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ. ಯುನಾನಿ ವೈದ್ಯರು ಇದರ ಬೇರಿನ ತೊಗಟೆಯನ್ನು 'ಕಬರ್' ಎಂಬ ಹೆಸರಿನಲ್ಲಿ ಗುಲ್ಮದ (ಸ್ಪ್ಲೀನ್) ಊತಕ್ಕೆ ಬಳಸುತ್ತ ಬಂದಿದ್ದಾರೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಕೂಡ ಗುಲ್ಮದ ತೊಂದರೆಗೆ ಇದನ್ನೇ ಹೇಳಿದ್ದ.

ವಿಡಿಯೊದಲ್ಲಿ ಹೇಳುವ ಮಾತ್ರೆಯ ಕಥೆ ಹುಟ್ಟಿರುವುದು ಇಲ್ಲಿಂದ. ಬೆಂಗಳೂರಿನಲ್ಲಿ ನೆಲೆ ಇರುವ ಹಿಮಾಲಯ ಕಂಪನಿ 1955ರಿಂದ ಮಾರುತ್ತಿರುವ ಲಿವ್.52 ಮಾತ್ರೆಯ ಚೀಟಿ ಓದಿ. ಮೊದಲ ಸಾಲಿನಲ್ಲೇ 'ಹಿಂಸ್ರಾ' ಎಂದಿದೆ. ಪಕ್ಕದಲ್ಲಿ ಬರೆದಿರುವುದು ಕ್ಯಾಪರಿಸ್ ಸ್ಪಿನೋಸಾ. ಅಂದರೆ ದೂರದ ಅಣ್ಣ. ನಮ್ಮ ಬೇಲಿಯಲ್ಲಿರುವುದು ಜೈಲಾನಿಕಾ ಮತ್ತು ಸೆಪಿಯೇರಿಯಾ. ಸಾಲದ್ದಕ್ಕೆ ಆ ಮಾತ್ರೆಯಲ್ಲಿ ಹಿಂಸ್ರಾ ಜತೆಗೆ ಕಾಸನಿ, ಕಾಕಮಾಚಿ, ಅರ್ಜುನ, ಮಂಡೂರ ಭಸ್ಮ ಮುಂತಾಗಿ ಬೇರೆ ಏಳು ಪದಾರ್ಥಗಳಿವೆ. ಮಾತ್ರೆಯ ಹೆಸರು ಹೇಳಿ ಬೇಲಿಯ ಬೇರು ಕುಡಿಸುವುದು, ಕಿರಾಣಿ ಅಂಗಡಿಯ ಚೀಟಿಯಲ್ಲಿ 'ಬೇಳೆ' ಎಂದಿದೆ ಎಂದು ಕೈಗೆ ಸಿಕ್ಕ ಬೇಳೆ ಹಾಕಿ ಹೋಳಿಗೆ ಮಾಡಿದ ಹಾಗೆ.

ಹೆಸರಿನ ಗೋಜಲು ಸಣ್ಣದಲ್ಲ

"ಹೆಸರಲ್ಲೇನಿದೆ ಬಿಡಿ, ಜನರಿಗೆ ಗಿಡ ಗೊತ್ತಿದೆ" ಎನ್ನುವವರಿದ್ದಾರೆ. ಊರಿನ ಹಿರಿಯರ ಮಟ್ಟಿಗೆ ಅದು ನಿಜ. ಅವರು ಹೆಸರು ನೋಡಿ ಗಿಡ ಕೀಳುವುದಿಲ್ಲ, ಗಿಡ ನೋಡಿ ಕೀಳುತ್ತಾರೆ. ಆದರೆ ವಿಡಿಯೊ, ಪತ್ರಿಕೆ ಮೂಲಕ ಹೋಗುವುದು ಬರೀ ಹೆಸರು. ಹೆಸರಷ್ಟೇ ಹಿಡಿದು ಹೊರಟರೆ ಏನಾಗುತ್ತದೆ ನೋಡಿ.

ಕನ್ನಡದಲ್ಲಿ ಮುಳ್ಳುಕತ್ತರಿ ಎಂಬ ಹೆಸರನ್ನು ಜೈಲಾನಿಕಾಗೂ ಹೇಳುತ್ತಾರೆ, ಸ್ಪಿನೋಸಾಗೂ ಹೇಳುತ್ತಾರೆ. 'ಕತ್ತರಿ' ಕೇಳಿದವರು 'ಕಂಟಕಾರಿ' ಎಂದುಕೊಳ್ಳಬಹುದು. ಅದು ನೆಲಕ್ಕೆ ಅಂಟಿ ಬೆಳೆಯುವ ಬದನೆ ಜಾತಿಯ ಬೇರೆಯೇ ಗಿಡ. ಸಂಸ್ಕೃತದಲ್ಲಿ ಜೈಲಾನಿಕಾಗೆ ವ್ಯಾಘ್ರನಖಿ ಎಂಬ ಹೆಸರಿದೆ, ಮುಳ್ಳು ಹುಲಿಯ ಉಗುರಿನಂತೆ ಇರುವುದರಿಂದ. ಮರಾಠಿಯಲ್ಲಿ ವಾಘಾಟಿ, ಗೋವಿಂದಫಳ. ತೆಲುಗಿನಲ್ಲಿ ಆದೊಂಡ. ತಮಿಳಿನಲ್ಲಿ ಆದೊಂಡೈ. ಆದರೆ 'ಹುಲಿನಖ' ಎಂದರೆ ನಮ್ಮಲ್ಲಿ ಅನೇಕರು ತೋರಿಸುವುದು ಮಾರ್ಟಿನಿಯಾ ಎಂಬ ಕಳೆಗಿಡವನ್ನು, ಒಣಗಿದ ಕಾಯಿಗೆ ಎರಡು ಕೊಕ್ಕೆ ಇರುವುದು. ಇಂಗ್ಲಿಷಿನ 'ಟೈಗರ್ ಕ್ಲಾ' ಎಂಬ ಹೆಸರಂತೂ ಅಗ್ನಿಶಿಖೆಗೂ ಇದೆ. ಗೌರಿ ಹೂ ಎಂದು ನಾವು ಕರೆಯುವ, ಬೆಂಕಿಯ ಬಣ್ಣದ ಆ ಚೆಂದದ ಹೂವಿನ ಬಳ್ಳಿ. ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ, ತಿಂದರೆ ಸಾವು ಬರಬಹುದು.

ಈಗ ಯೋಚಿಸಿ. ನಗರದಲ್ಲಿ ಕೂತವರೊಬ್ಬರು 'ಹುಲಿ ಉಗುರಿನ ಬೇರು ಲಿವರಿಗೆ ಒಳ್ಳೆಯದು' ಎಂದು ಓದುತ್ತಾರೆ. ಮೊಬೈಲಿನಲ್ಲಿ ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಹುಡುಕುತ್ತಾರೆ. ಕಾಣುವ ಮೊದಲ ಚಿತ್ರ ಅಗ್ನಿಶಿಖೆಯದ್ದಾದರೆ? ಸರಿಯಾದ ಹೆಸರು, ಅದರ ಜತೆ ಎಲೆ, ಮುಳ್ಳು, ಹೂವಿನ ಗುರುತು ಕೊಡದೆ 'ಔಷಧಿ ಗಿಡ' ಎಂದು ಪ್ರಚಾರ ಮಾಡುವವರು ಈ ಪ್ರಶ್ನೆಗೆ ಉತ್ತರ ಹೇಳಬೇಕು.

ಆಯುರ್ವೇದದ ಒಳಗೂ ಈ ಗೋಜಲು ಇದೆ. 'ಹಿಂಸ್ರಾ' ಎಂಬ ಹೆಸರಿನಲ್ಲಿ ಗ್ರಂಥಗಳು ಹೇಳುವುದು ಯಾವ ಗಿಡ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಲವರು ಸೆಪಿಯೇರಿಯಾ ಎನ್ನುತ್ತಾರೆ, ಕೆಲವರು ಸ್ಪಿನೋಸಾ ಎನ್ನುತ್ತಾರೆ. ಓದಿದವರೇ ಹುಷಾರಾಗಿ ಮಾತಾಡುವ ಕಡೆ, ಒಂದು ನಿಮಿಷದ ವಿಡಿಯೊದವರಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು?

ಬಲ್ಲವರು ಹೇಳುವುದೇ ಬೇರೆ

ಗಿಡ ಬಲ್ಲ ಹಿರಿಯರನ್ನು ನಾವು ಕೇಳಿದ್ದೇವೆ. ಒಂದು ಹಟ್ಟಿಯ ಅಜ್ಜಿ ಎಪ್ಪತ್ತು ದಾಟಿದವರು, ಒಂದು ಕಾಲಕ್ಕೆ ಊರಿನ ಹೆರಿಗೆಗಳನ್ನೆಲ್ಲ ನೋಡಿಕೊಂಡವರು. ಮುಳ್ಳುಕತ್ತರಿ ಎಂದ ಕೂಡಲೇ ಅವರು ಕಾಮಾಲೆ ಎನ್ನಲಿಲ್ಲ. "ಕುರಕ್ಕೆ, ಬಾವಿಗೆ ಎಲೆ ಅರೆದು ಕಟ್ಟೋದು ಕಣಪ್ಪ. ಕಟ್ಟಿದ್ರೆ ಚುರುಚುರು ಉರೀತೈತೆ. ಉರಿ ಹತ್ತಿದ ಕೂಡ್ಲೆ ಬಿಚ್ಚಬೇಕು. ರಾತ್ರಿಯೆಲ್ಲ ಬಿಟ್ಟು ಬೊಬ್ಬೆ ಎದ್ರೆ ಅದು ಗಿಡದ ತೆಪ್ಪಲ್ಲ" ಎಂದರು. ಬೇರು ಕುಡಿಸುವ ಮಾತು ತೆಗೆದಾಗ, "ನಂಗೆ ಗೊತ್ತಿಲ್ಲದ್ದು ನಾನ್ಯಾಕೆ ಕುಡಿಸ್ಲಿ?" ಎಂದು ನಮ್ಮನ್ನೇ ಕೇಳಿದರು.

ಆ ಉರಿಗೆ ವಿಜ್ಞಾನದಲ್ಲಿ ಕಾರಣವಿದೆ. ಕ್ಯಾಪರಿಸ್ ಗಿಡಗಳು ಸಾಸಿವೆಯ ದೂರದ ನೆಂಟರು. ಸಾಸಿವೆಯಲ್ಲಿರುವಂಥ ಗ್ಲುಕೊಸಿನೊಲೇಟ್ ಎಂಬ ರಾಸಾಯನಿಕಗಳು ಇವುಗಳಲ್ಲೂ ಇವೆ. ಎಲೆ ಅರೆದಾಗ ಅವು ಒಡೆದು, ಸಾಸಿವೆ ಘಾಟಿನಂಥ ಖಾರದ ವಸ್ತುವಾಗುತ್ತವೆ. ಅದು ಚರ್ಮಕ್ಕೆ ತಗುಲಿದರೆ ಬಿಸಿ ಏರುತ್ತದೆ, ಆ ಜಾಗಕ್ಕೆ ರಕ್ತ ಹರಿಯುತ್ತದೆ. ಸ್ವಲ್ಪ ಹೊತ್ತಾದರೆ ಹಿತ, ಹೆಚ್ಚು ಹೊತ್ತಾದರೆ ಗಾಯ. ಕೇಪರ್ ಗಿಡದ ಎಲೆಯ ಒದ್ದೆ ಪಟ್ಟಿ ಕಟ್ಟಿಕೊಂಡು ಚರ್ಮ ಉರಿಯೂತವಾದ ರೋಗಿಗಳ ವರದಿ ವೈದ್ಯಕೀಯ ಪತ್ರಿಕೆಗಳಲ್ಲಿದೆ. ಗ್ಲುಕೊಸಿನೊಲೇಟ್ ಎಂಬ ಪದವನ್ನೇ ಕೇಳದ ಅಜ್ಜಿಗೆ ಪಟ್ಟಿಯನ್ನು ಯಾವಾಗ ಬಿಚ್ಚಬೇಕು ಎಂಬುದು ಗೊತ್ತಿದೆ. ಮದ್ದು ಇರುವುದು ಅಲ್ಲೇ. ವಿಡಿಯೊದಲ್ಲಿ ಇಲ್ಲದ್ದೂ ಅದೇ.

ಇದು ಬರೀ ಮದ್ದಿನ ಗಿಡವೂ ಅಲ್ಲ. ಎಳೆಗಾಯಿಯನ್ನು ಉಪ್ಪಿನಲ್ಲಿ ನೆನೆಸಿ ಕಹಿ ತೆಗೆದು ಪಲ್ಯ, ಉಪ್ಪಿನಕಾಯಿ ಮಾಡುತ್ತಾರೆ. ಮಹಾರಾಷ್ಟ್ರದಲ್ಲಿ ಆಷಾಢ ಏಕಾದಶಿಯ ಉಪವಾಸವನ್ನು ಮರುದಿನ ದ್ವಾದಶಿಯಂದು ಬಿಡುವಾಗ ವಾಘಾಟಿ ಪಲ್ಯ ಮಾಡುವ ರೂಢಿಯಿದೆ. ಆ ದಿನಗಳಲ್ಲಿ ಅಲ್ಲಿಯ ಮಾರುಕಟ್ಟೆಗೆ ಕಾಯಿ ಬರುತ್ತದೆ. ನಮ್ಮ ಉತ್ತರ ಕರ್ನಾಟಕದಿಂದ ಪಂಢರಪುರಕ್ಕೆ ನಡೆದು ಹೋಗುವ ಭಕ್ತರಿಗೆ ಇದು ಹೊಸದಲ್ಲ. ರಾಜಸ್ಥಾನದಲ್ಲಿ ಇದೇ ಕುಲದ ಕ್ಯಾಪರಿಸ್ ಡೆಸಿಡುವಾ ಗಿಡದ 'ಕೇರ್' ಕಾಯಿಯನ್ನು ಉಪ್ಪುನೀರಲ್ಲೋ ಮಜ್ಜಿಗೆಯಲ್ಲೋ ದಿನಗಟ್ಟಲೆ ನೆನೆಸಿ, ಒಣಗಿಸಿ, ಕೇರ್ ಸಾಂಗ್ರಿ ಪಲ್ಯ ಮಾಡುತ್ತಾರೆ. ಬರಗಾಲದ ಊಟವಾಗಿದ್ದ ಅದು ಈಗ ಮದುವೆ ಮನೆಯ ವಿಶೇಷ, ಒಣಕಾಯಿಗೆ ಒಳ್ಳೆಯ ಬೆಲೆ. ಅಲ್ಲಿಯೂ ಅಡುಗೆಯ ಮರ್ಮ ನೆನೆಸುವುದರಲ್ಲಿದೆ. ಹಸಿದಾಗಿ ತಿನ್ನುವ ಕಾಯಲ್ಲ ಅದು.

ಅಂದರೆ ಪರಂಪರೆ ಎಂಬುದು 'ಈ ಗಿಡ ಒಳ್ಳೆಯದು' ಎಂಬ ಒಂದು ಸಾಲಲ್ಲ. ಎಷ್ಟು ಹೊತ್ತು, ಯಾವ ಭಾಗ, ಯಾವ ಕಾಲದಲ್ಲಿ, ಯಾರಿಗೆ ಕೊಡಬಾರದು ಎಂಬ ನಿಯಮಗಳ ಕಟ್ಟು. ಆ ಕಟ್ಟನ್ನು ಬಿಚ್ಚಿ ಬರೀ ಹೊಗಳಿಕೆಯನ್ನು ಎತ್ತಿಕೊಂಡು ಹೋದರೆ ಅದಕ್ಕೆ ನಾಟಿ ವೈದ್ಯ ಎಂಬ ಹೆಸರು ಸಲ್ಲದು.

ಕಾಮಾಲೆ 'ವಾಸಿ'ಯಾಗುವ ಲೆಕ್ಕ

"ನಮ್ಮ ಮಾವನಿಗೆ ಬೇರಿನ ರಸದಿಂದಲೇ ವಾಸಿಯಾಯ್ತು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ವಾಸಿಯಾಗಿರುತ್ತದೆ. ಆದರೆ ಯಾಕೆ ವಾಸಿಯಾಯಿತು ಎಂಬ ಲೆಕ್ಕ ಬೇರೆ.

ಕೆಟ್ಟ ನೀರು, ಕೆಟ್ಟ ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ನಮ್ಮಲ್ಲಿ ಕಾಮಾಲೆಗೆ ದೊಡ್ಡ ಕಾರಣಗಳು. ಹೆಚ್ಚಿನ ಜನರಲ್ಲಿ ಇವು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಅದೇ ಹೊತ್ತಿಗೆ ಯಾವ ಎಲೆ ತಿಂದಿದ್ದರೂ, ಯಾವ ತಾಯತ ಕಟ್ಟಿದ್ದರೂ ಹೆಸರು ಅದಕ್ಕೇ ಹೋಗುತ್ತದೆ. ಆದರೆ ಕಣ್ಣು ಹಳದಿಯಾಗುವುದಕ್ಕೆ ಬೇರೆ ಕಾರಣಗಳೂ ಇವೆ. ಹೆಪಟೈಟಿಸ್ ಬಿ ಇರಬಹುದು, ಇಲಿಜ್ವರ ಇರಬಹುದು, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿರಬಹುದು, ಸಾರಾಯಿಯಿಂದ ಯಕೃತ್ತು ಕೆಟ್ಟಿರಬಹುದು. ಎಲ್ಲದಕ್ಕೂ ಹೊರಗಿನ ಲಕ್ಷಣ ಒಂದೇ, ಹಳದಿ ಕಣ್ಣು. ಬಸುರಿಯರ ವಿಷಯದಲ್ಲಂತೂ ಆಟವಾಡುವ ಹಾಗಿಲ್ಲ. ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ತಗುಲಿದ ಬಸುರಿಯರಲ್ಲಿ ಶೇ 20ರಿಂದ 25ರಷ್ಟು ಜನ ಸಾಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ಪಕ್ಕದ ಹೋಬಳಿಯ ಹುಡುಗನೊಬ್ಬ ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡುವವನು. ಕಣ್ಣು ಹಳದಿಯಾದಾಗ ಮನೆಯವರು ಹನ್ನೆರಡು ದಿನ ಬೇರಿನ ರಸ ಕುಡಿಸಿದರು. ಗಿಡ ತೋರಿಸಿದ್ದು ಊರಿನ ಹಿರಿಯರಲ್ಲ, ಫೋನು. ಹದಿಮೂರನೆಯ ದಿನ ಪ್ರಜ್ಞೆ ತಪ್ಪುವ ಹಾಗಾದಾಗ ಆಸ್ಪತ್ರೆಗೆ ಸೇರಿಸಿದರು. ಇಲಿಜ್ವರ, ಕಿಡ್ನಿಗೂ ಹತ್ತಿತ್ತು. ಹುಡುಗ ಉಳಿದ. ಆದರೆ ಮನೆಯ ಎರಡು ಹಸು ಹೋದವು, ಕೈಸಾಲ ಇನ್ನೂ ತೀರಿಲ್ಲ. ಮೊದಲ ವಾರದಲ್ಲೇ ಹೋಗಿದ್ದರೆ ಆ್ಯಂಟಿಬಯಾಟಿಕ್‌ಗೆ ಬಗ್ಗುವ ಕಾಯಿಲೆ ಅದು. ವಿಡಿಯೊ ಮಾಡಿದವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅವರ ಲೆಕ್ಕಕ್ಕೆ ಬರುವುದು ಕೈಮುಗಿದ ಚಿತ್ರಗಳು ಮಾತ್ರ.

ಹಾಗೆಂದು ಪ್ರಯೋಗಾಲಯದಲ್ಲಿ ಈ ಗಿಡಗಳ ಬಗ್ಗೆ ಏನೂ ಕೆಲಸವಾಗಿಲ್ಲ ಎಂದಲ್ಲ. ಇಲಿಗಳ ಮೇಲೆ ಪ್ರಯೋಗಗಳಾಗಿವೆ. ಕೇಪರ್ ಮೊಗ್ಗಿನಲ್ಲಿ ರೂಟಿನ್ ಎಂಬ ವಸ್ತು ಹೇರಳವಾಗಿದೆ ಎಂದು ಗೊತ್ತಾಗಿದೆ. ಆದರೆ ಇಲಿಯ ಪ್ರಯೋಗದಿಂದ ಮನುಷ್ಯನ ಲೋಟಕ್ಕೆ ಬರುವ ದಾರಿ ಉದ್ದ. ಎಷ್ಟು ಪ್ರಮಾಣ, ಎಷ್ಟು ದಿನ, ಮೊದಲೇ ಕೆಟ್ಟ ಯಕೃತ್ತಿಗೆ ಇದು ಹೊರೆಯಾಗುತ್ತದೆಯೆ ಎಂಬುದು ತಿಳಿಯದೆ 'ಅಡ್ಡ ಪರಿಣಾಮವಿಲ್ಲ' ಎಂದು ಬರೆಯುವುದು ಪತ್ರಿಕೋದ್ಯಮವಲ್ಲ. ಔಷಧ ಯಾವ ರೋಗಗಳನ್ನು ಗುಣಪಡಿಸುತ್ತದೆಂದು ಹೇಳಿಕೊಳ್ಳಬಾರದು ಎಂದು ದೇಶದ ಔಷಧ ನಿಯಮಗಳ 'ಷೆಡ್ಯೂಲ್ ಜೆ' ಪಟ್ಟಿ ಮಾಡಿದೆ. ಅದರಲ್ಲಿ ಕಾಮಾಲೆ, ಹೆಪಟೈಟಿಸ್, ಯಕೃತ್ತಿನ ಕಾಯಿಲೆಗಳೂ ಇವೆ.

ಬೇರು ಕಿತ್ತರೆ ಗಿಡ ಎಲ್ಲಿ?

ಇನ್ನು ಗಿಡದ ಪಾಡು. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ. ಕಾಯಿ ಕಿತ್ತರೆ ಮುಂದಿನ ವರ್ಷ ಬಿಡುತ್ತದೆ. ಬೇರಿನ ತೊಗಟೆಗೆ ಕೈ ಹಾಕಿದರೆ ಗಿಡವೇ ಹೋಗುತ್ತದೆ. ನಮ್ಮ ಅಜ್ಜಿಯಂಥವರು ಎಲೆಗೆ ಹೋಗುತ್ತಿದ್ದರು, ವಿಡಿಯೊ ಬೇರಿಗೆ ಕಳಿಸುತ್ತಿದೆ.

ಅದಕ್ಕೂ ಮೊದಲೇ ಬೇಲಿಗಳು ಹೋಗುತ್ತಿವೆ. ಒಂದು ಕಾಲಕ್ಕೆ ಹೊಲದ ಬದುವಿನಲ್ಲಿ ಮುಳ್ಳುಕತ್ತರಿ, ಕಾಡುಕತ್ತರಿ, ಕಾರೆ, ಲಂಟಾನ, ಕತ್ತಾಳೆ ಎಲ್ಲ ಹೆಣೆದುಕೊಂಡು ದನ ನುಗ್ಗದ ಜೀವಂತ ಬೇಲಿ ಇರುತ್ತಿತ್ತು. ಈಗ ಕಲ್ಲುಕಂಬ, ತಂತಿ. ದಾರಿ ಅಗಲ ಮಾಡಲು ಜೆಸಿಬಿ ಬಂದರೆ ಅರ್ಧ ದಿನಕ್ಕೆ ಎರಡು ಮೈಲಿ ಬೇಲಿ ನೆಲಸಮ. ಬದುವಿಗೆ ಕಳೆನಾಶಕ. ರೈತರನ್ನು ಬೈದು ಪ್ರಯೋಜನವಿಲ್ಲ. ತಂತಿ ಬೇಲಿ ಕಡಿಮೆ ಜಾಗ ತಿನ್ನುತ್ತದೆ, ಒತ್ತುವರಿ ಜಗಳ ತಪ್ಪಿಸುತ್ತದೆ, ಹಂದಿ ಕಾಟಕ್ಕೆ ತಡೆಯಾಗುತ್ತದೆ. ಅವರ ಲೆಕ್ಕ ಅವರಿಗಿದೆ. ಆದರೆ ಯಾರ ಹೊಲಕ್ಕೂ ಸೇರದ ಗೋಮಾಳ, ಕೆರೆ ಏರಿಯ ಹಿಂಬದಿ, ದೇವರ ಬನ, ಸ್ಮಶಾನದ ಸುತ್ತಿನ ಪೊದೆಗಳನ್ನೂ 'ಸ್ವಚ್ಛ' ಮಾಡುವ ಚಟಕ್ಕೆ ಏನು ಹೇಳುವುದು?

ಈ ಪೊದೆ ಹೋದರೆ ಮದ್ದೊಂದೇ ಹೋಗುವುದಿಲ್ಲ. ಪಯೋನೀರ್, ಕಾಮನ್ ಗಲ್, ರೆಕ್ಕೆ ತುದಿಗೆ ಕಿತ್ತಳೆ ಬಣ್ಣ ಮೆತ್ತಿದಂತಿರುವ ಆರೆಂಜ್ ಟಿಪ್ ಮುಂತಾದ ಚಿಟ್ಟೆಗಳು ಮೊಟ್ಟೆ ಇಡುವುದು ಕ್ಯಾಪರಿಸ್ ಜಾತಿಯ ಗಿಡಗಳ ಮೇಲೆ. ಅವುಗಳ ಹುಳುವಿಗೆ ಬೇರೆ ಎಲ್ಲ ಎಲೆ ಹಿಡಿಸುವುದಿಲ್ಲ. ಬೇಸಿಗೆಯಲ್ಲಿ ಬೇರೆಲ್ಲ ಒಣಗಿದಾಗಲೂ ಹಸಿರಾಗಿರುವ ಈ ಪೊದೆಯ ಚಿಗುರು ಮೇಕೆಗೆ ಮೇವು, ಹಣ್ಣು ಹಕ್ಕಿಗೆ ಆಹಾರ.

ಪುಸ್ತಕದ ಜ್ಞಾನಕ್ಕೆ ಒಂದು ಕಾನೂನು, ಬಾಯಿಮಾತಿನ ಜ್ಞಾನಕ್ಕೆ?

2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ತಳಿ, ಅದಕ್ಕೆ ಸೇರಿದ ಜನರ ತಿಳಿವಳಿಕೆಯನ್ನು ಆ ಸಮಿತಿ ಜನರ ಜತೆ ಕೂತು 'ಜನತಾ ಜೀವವೈವಿಧ್ಯ ದಾಖಲಾತಿ'ಯಲ್ಲಿ ಬರೆಯಬೇಕು. ವರ್ಷಗಟ್ಟಲೆ ಏನೂ ಆಗಲಿಲ್ಲ. 2020ರ ಜನವರಿ 31ರ ಒಳಗೆ ಕೆಲಸ ಮುಗಿಸಬೇಕು, ಇಲ್ಲದಿದ್ದರೆ ಆಯಾ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಗಡುವು ಹಾಕಿತು. ಆಮೇಲೆ ದೇಶದ ತುಂಬ ತರಾತುರಿಯಲ್ಲಿ ದಾಖಲಾತಿಗಳು ತಯಾರಾದವು.

ನಮ್ಮ ಓಡಾಟದ ಕೆಲವು ಪಂಚಾಯಿತಿಗಳಲ್ಲಿ ಆ ಪುಸ್ತಕ ಕೇಳಿ ನೋಡಿದ್ದೇವೆ. ಒಂದು ಕಡೆ ಬೀರುವಿನ ಕೀಲಿ ಸಿಗಲಿಲ್ಲ. ಇನ್ನೊಂದು ಕಡೆ ಸಿಕ್ಕಿದ ಪುಸ್ತಕದಲ್ಲಿ ಬೇವು, ತುಳಸಿ, ಹೊಂಗೆ, ಆಲ ಇದ್ದವು. ಇಡೀ ಊರನ್ನು ಸುತ್ತುವರಿದಿದ್ದ ಮುಳ್ಳುಕತ್ತರಿ ಇರಲಿಲ್ಲ. 'ಮಾಹಿತಿ ನೀಡಿದವರು' ಎಂಬ ಅಂಕಣದಲ್ಲಿ ಸಾಲು ಸಾಲು ಗಂಡಸರ ಹೆಸರು. ಹಟ್ಟಿಯ ಅಜ್ಜಿಯ ಹತ್ತಿರ ಯಾರೂ ಹೋಗಿರಲೇ ಇಲ್ಲ.

ಇದು ಬರೀ ಗೌರವದ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. ಗಿಡಮೂಲಿಕೆಯಿಂದ ಲಾಭ ಮಾಡುವ ಕಂಪನಿಗಳು ಅದರಲ್ಲೊಂದು ಪಾಲನ್ನು ಸ್ಥಳೀಯ ಜನರಿಗೆ ಕೊಡಬೇಕು ಎಂಬುದು ಆ ಕಾಯ್ದೆಯ ಆಶಯ. ದೇಶೀ ಕಂಪನಿಗಳೂ ಇದಕ್ಕೆ ಹೊರತಲ್ಲ ಎಂದು ದಿವ್ಯ ಫಾರ್ಮಸಿ ಪ್ರಕರಣದಲ್ಲಿ ಉತ್ತರಾಖಂಡ ಹೈಕೋರ್ಟ್ 2018ರ ಡಿಸೆಂಬರಿನಲ್ಲಿ ಹೇಳಿತು. ಆದರೆ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಗ್ರಂಥಸ್ಥ ಪಾರಂಪರಿಕ ಜ್ಞಾನ ಬಳಸುವವರಿಗೆ, ಬೆಳೆಸಿದ ಔಷಧಿ ಗಿಡ ಬಳಸುವವರಿಗೆ ವಿನಾಯಿತಿ ಸಿಕ್ಕಿತು. ವೈದ್ಯರು, ಹಕೀಮರು, ಸ್ಥಳೀಯ ಜನ ಇದರಿಂದ ನಿರಾಳವಾಗಿ ಕೆಲಸ ಮಾಡಬಹುದು, ಅದು ಒಳ್ಳೆಯದೇ. ಆದರೆ ಒಂದು ಮಾತು ಗಮನಿಸಿ. ಗ್ರಂಥದಲ್ಲಿ ಬರೆದದ್ದಕ್ಕೆ ಕಾನೂನಿನಲ್ಲಿ ಒಂದು ಹೆಸರು, ಒಂದು ಸ್ಥಾನ ಇದೆ. ಬರೆಯದೆ ಬಾಯಿಂದ ಬಾಯಿಗೆ ಬಂದ ಜ್ಞಾನಕ್ಕೆ ಸಾಕ್ಷಿ ಎಂದರೆ ಆ ಪಂಚಾಯಿತಿ ಪುಸ್ತಕ ಒಂದೇ. ಅದರಲ್ಲೂ ಅಜ್ಜಿಯ ಮಾತು ಇಲ್ಲದಿದ್ದರೆ, ನಾಳೆ ಯಾರಾದರೂ ಅದೇ ಎಲೆಯಿಂದ ಮುಲಾಮು ಮಾಡಿ ಮಾರಿದಾಗ 'ಇದು ನಮ್ಮೂರ ತಿಳಿವಳಿಕೆ' ಎಂದು ತೋರಿಸಲು ಏನೂ ಇರುವುದಿಲ್ಲ.

ಬರೆದಿಟ್ಟರೆ ಕದಿಯುವುದು ಸುಲಭವಲ್ಲವೆ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಆತಂಕ. ಅದಕ್ಕೇ ಗಿಡದ ಹೆಸರು, ಎಲ್ಲಿದೆ, ಯಾರಿಗೆ ಗೊತ್ತು ಎಂಬುದನ್ನು ಬರೆಯಬೇಕು. ಮದ್ದಿನ ಪಾಕವನ್ನು ಹೇಳುವುದು ಬಿಡುವುದು ಬಲ್ಲವರ ಇಚ್ಛೆಗೆ ಬಿಡಬೇಕು. 'ಹೇಳಲು ಇಷ್ಟವಿಲ್ಲ' ಎಂದರೆ ಹಾಗೆಯೇ ದಾಖಲಾಗಲಿ. ನಮ್ಮಂಥ ವರದಿಗಾರರೂ ಪ್ರಮಾಣ, ಪಾಕ ಪ್ರಕಟಿಸದಿರುವುದು ಇದೇ ಕಾರಣಕ್ಕೆ ಸರಿ.

ನಾವು ಕೇಳುವುದಿಷ್ಟೇ

ಪಂಚಾಯಿತಿಯವರು ಬೀರುವಿನಲ್ಲಿರುವ ಪುಸ್ತಕ ಹೊರತೆಗೆದು ಒಂದು ಗ್ರಾಮಸಭೆಯಲ್ಲಿ ಓದಿಸಲಿ. ಕಾಯ್ದೆಗೆ ಅಂಟಿಕೊಂಡು ಬಂದ 2004ರ ನಿಯಮದಲ್ಲೇ ಸಮಿತಿಯ ಸದಸ್ಯರಲ್ಲಿ ಮೂರನೇ ಒಂದರಷ್ಟಾದರೂ ಮಹಿಳೆಯರಿರಬೇಕು ಎಂದಿತ್ತು. ಆ ಮಹಿಳೆಯರು ಸಹಿಗಷ್ಟೇ ಇರದೆ, ಸೂಲಗಿತ್ತಿಯರು, ಕುರಿ ಕಾಯುವವರು, ಸೊಪ್ಪು ಆಯುವವರು ಆಗಿರಲಿ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟು ಬರೆದೆವು. ಅದೇ ವರ್ಷದ ಕೊನೆಗೆ ಅವರು ತೀರಿಕೊಂಡರು. ಪ್ರತಿ ಹೋಬಳಿಯಲ್ಲೂ ಅಂಥ ಒಬ್ಬಿಬ್ಬರು ಇನ್ನೂ ಇದ್ದಾರೆ. ಪದ್ಮಶ್ರೀ ಬರುವ ತನಕ ಕಾಯಬೇಕಿಲ್ಲ.

ತಾಲ್ಲೂಕಿನ ಡಿಗ್ರಿ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ವಿಭಾಗವಿದೆ, ಮಕ್ಕಳಿಗೆ ಪ್ರಾಜೆಕ್ಟ್ ಬೇಕು. ಸಲ್ಡಾನಾ ಅವರ ತಂಡ ಮಾಡಿದ ಹಾಸನ ಜಿಲ್ಲೆಯ ಸಸ್ಯಕೋಶ 1976ರಲ್ಲೇ ಬಂದಿದೆ; ಕರ್ನಾಟಕದ ಸಸ್ಯಕೋಶದ ಮೊದಲ ಸಂಪುಟ 1984ರಲ್ಲಿ ಬಂದಿದೆ. ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ 1993ರಿಂದ ಔಷಧಿ ಗಿಡಗಳ ಮಾದರಿ, ಸ್ಥಳೀಯ ಹೆಸರುಗಳನ್ನು ಸಂಗ್ರಹಿಸುತ್ತ ಬಂದಿದೆ. ಊರಿನ ಹೆಸರು, ಗಿಡದ ಒಣ ಮಾದರಿ, ಸಸ್ಯಶಾಸ್ತ್ರದ ಹೆಸರು ಈ ಮೂರನ್ನೂ ಒಂದೇ ಹಾಳೆಗೆ ತರಲು ದೊಡ್ಡ ಅನುದಾನ ಬೇಕಾಗಿಲ್ಲ. ಒಬ್ಬ ಮೇಷ್ಟ್ರು, ಹತ್ತು ಮಕ್ಕಳು, ಒಂದು ಬೇಸಿಗೆ ಸಾಕು.

ರಸ್ತೆ ಮಾಡುವ ಇಲಾಖೆಯವರು ಜೆಸಿಬಿ ಇಳಿಸುವ ಮುಂಚೆ ದಾರಿ ಬದಿಯ ಹಳೆಯ ಬೇಲಿಸಾಲಿನಲ್ಲಿ ಒಂದಿಷ್ಟು ಉಳಿಸಲಿ. ಎಲ್ಲವನ್ನೂ ಉಳಿಸಿ ಎಂದು ನಾವು ಕೇಳುತ್ತಿಲ್ಲ.

ಇನ್ನು ನಮ್ಮ ಕಸುಬಿನವರಿಗೆ. 'ಸಂಜೀವಿನಿ', 'ರಾಮಬಾಣ', 'ಸರ್ವರೋಗ ನಿವಾರಕ' ಈ ಮೂರು ಪದಗಳನ್ನು ಗಿಡಮೂಲಿಕೆ ಸುದ್ದಿಯಿಂದ ತೆಗೆದುಹಾಕಿದರೆ ಸುದ್ದಿ ಸಾಯುವುದಿಲ್ಲ. ಗಿಡದ ಫೋಟೊ ಹಾಕುವಾಗ ಎಲೆ, ಮುಳ್ಳು, ಹೂ, ಕಾಯಿ ನಾಲ್ಕೂ ಕಾಣಲಿ. ಇಂಟರ್‌ನೆಟ್‌ನಿಂದ ಎತ್ತಿದ ಫೋಟೊ ಬೇಡ. ಬಲ್ಲವರ ಮಾತಿನಲ್ಲಿ 'ಮಾಡಬಾರದು' ಎಂಬುದನ್ನು ಮೊದಲು ಬರೆಯೋಣ, 'ಮಾಡಬಹುದು' ಎಂಬುದು ಆಮೇಲೆ. ಕಣ್ಣು ಹಳದಿಯಾದರೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಎಂಬ ಸಾಲು ಇಂಥ ಪ್ರತಿ ಸುದ್ದಿಯಲ್ಲೂ ಇರಲಿ. ಪಥ್ಯ ಮಾಡುವವರು ಮಾಡಲಿ, ಆದರೆ ಯಾವ ಕಾಯಿಲೆ ಎಂದು ಗೊತ್ತಾದ ಮೇಲೆ.

ಓದುಗರಿಗೂ ಒಂದು ವಿನಂತಿ. ನಿಮ್ಮೂರಲ್ಲಿ ಈ ಗಿಡಕ್ಕೆ ಏನೆನ್ನುತ್ತಾರೆ? ಊರಿನ ಹೆಸರಿನ ಜತೆ ಬರೆದು ಕಳಿಸಿ. ಕೊಕ್ಕೆ ಮುಳ್ಳು ಜೋಡಿಯಾಗಿದೆಯೆ, ಹೂ ಸಾಲಾಗಿದೆಯೆ ಗೊಂಚಲಾಗಿದೆಯೆ, ಹಣ್ಣು ಕೆಂಪೋ ಕಪ್ಪೋ ನೋಡಿ ತಿಳಿಸಿ. ಮದ್ದಿನ ಪಾಕ ಬೇಡ, ಹೆಸರಷ್ಟೇ ಸಾಕು. ಬಂದ ಹೆಸರುಗಳನ್ನೆಲ್ಲ ಊರುವಾರು ಪಟ್ಟಿ ಮಾಡಿ ಆಯಾ ಪಂಚಾಯಿತಿಯ ಸಮಿತಿಗೆ ನಾವೇ ತಲುಪಿಸುತ್ತೇವೆ, ಸ್ವೀಕೃತಿ ಪತ್ರವನ್ನೂ ಇಸಿದುಕೊಂಡು ಬರುತ್ತೇವೆ.